ಮನೆಯಲ್ಲಿ ಯೋಗ ಮಾಡಲು ಬ್ಲಾಕು, ಬೆಲ್ಟು, ಬೋಲ್ಸ್ಟರ್ ಎಲ್ಲಾ ಕೊಳ್ಳಲೇಬೇಕಾ? ಮನೆ ಸಾಮಾನಲ್ಲೇ ಆಗುತ್ತದಾ?

ಕಣದಮನೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ಆನ್‌ಲೈನ್ ಯೋಗ ಕ್ಲಾಸಿಗೆ ಸೇರಿದ್ದೇನೆ. ಸೇರಿದ ಕೂಡಲೇ ಒಂದು ಪಟ್ಟಿ ಬಂತು. ಮ್ಯಾಟು, ಎರಡು ಬ್ಲಾಕು, ಬೆಲ್ಟು, ಬೋಲ್ಸ್ಟರ್ (ಉದ್ದನೆಯ ಗಟ್ಟಿ ದಿಂಬು), ನಾಲ್ಕು ಕಂಬಳಿ, ಬೆನ್ನಿಲ್ಲದ ಮಡಚೋ ಕುರ್ಚಿ. ಎಲ್ಲಾ ಸೇರಿಸಿ ಲೆಕ್ಕ ಹಾಕಿದರೆ ತೋಟದಲ್ಲಿ ಒಬ್ಬರ ವಾರದ ಬಟವಾಡೆ ದಾಟುತ್ತದೆ. ಅದರ ಮೇಲೆ ಕೊರಿಯರ್‌ನವರು ಪೇಟೆವರೆಗೆ ಮಾತ್ರ ಬರುವುದು, ಬೋಲ್ಸ್ಟರ್‌ನಂಥ ದೊಡ್ಡ ಸಾಮಾನನ್ನು ಅಲ್ಲಿಂದ ಬಸ್ಸಲ್ಲಿ ಹೊತ್ತು ತರಬೇಕು.

ಮ್ಯಾಟ್ ಒಂದು ಇದೆ. ಉಳಿದದ್ದಕ್ಕೆ ಮನೆಯಲ್ಲಿ ಇರುವುದೇನಾದರೂ ಆಗುತ್ತದಾ? ನಮ್ಮದು ಹಳೆ ಮನೆ, ಕೆಂಪು ಗಾರೆ ನೆಲ. ಅತ್ತೆಯವರೂ ಜೊತೆಗೆ ಮಾಡುತ್ತೇನೆ ಎನ್ನುತ್ತಿದ್ದಾರೆ. ಅವರಿಗೆ ಮಂಡಿ ನೋವು, ಬಿಪಿ ಮಾತ್ರೆಯೂ ಇದೆ. ಗೊತ್ತಿರುವವರು ಹೇಳಿ.

ಬೇಲೂರು ರಸ್ತೆ (ಹಾಸನ)

ಮುಕ್ಕಾಲು ಪಾಲು ಮನೆಯಲ್ಲೇ ಇದೆ ಅಕ್ಕ. ನಾನು ಅಯ್ಯಂಗಾರ್ ಪದ್ಧತಿಯಲ್ಲಿ ಕಲಿತವನು. ನಮ್ಮಲ್ಲಿ ಇಂಥ ಸಾಮಾನು ಬಹಳ ಜಾಸ್ತಿ. ಅದಕ್ಕೇ ಯಾವುದು ಬೇಕು, ಯಾವುದು ಬೇಡ ಎಂದು ಸ್ವಲ್ಪ ಧೈರ್ಯವಾಗಿ ಹೇಳಬಲ್ಲೆ.

ಮೊದಲು ಪಟ್ಟಿ ಪಕ್ಕಕ್ಕಿಡಿ. ವಸ್ತುವಿನ ಹೆಸರು ನೋಡಬೇಡಿ, ಅದು ಮಾಡುವ ಕೆಲಸ ನೋಡಿ. ಬ್ಲಾಕ್ ಎಂದರೆ ನೆಲವನ್ನು ನಿಮ್ಮ ಕೈಯವರೆಗೆ ಮೇಲಕ್ಕೆ ತರುವ ಸಾಮಾನು, ಅಷ್ಟೇ. ತ್ರಿಕೋನಾಸನದಲ್ಲಿ ಕೈ ನೆಲಕ್ಕೆ ಸಿಗದಿದ್ದರೆ ನಾವು ಏನು ಮಾಡುತ್ತೇವೆ? ಮಂಡಿ ಬಗ್ಗಿಸುತ್ತೇವೆ, ಇಲ್ಲವೇ ಎದೆಯನ್ನು ನೆಲದ ಕಡೆ ತಿರುಗಿಸಿಬಿಡುತ್ತೇವೆ. ಕೈ ಕೆಳಗೆ 9 ಇಂಚು ಎತ್ತರ ಸಿಕ್ಕಿದರೆ ಎರಡೂ ಬೇಕಾಗುವುದಿಲ್ಲ. ಅಂಗಡಿ ಬ್ಲಾಕು ಸಾಮಾನ್ಯವಾಗಿ 9, 6, 4 ಇಂಚು ಇರುತ್ತದೆ. ಮೂರು ಮಗ್ಗುಲಲ್ಲಿ ಇಟ್ಟರೆ ಮೂರು ಎತ್ತರ.

ಹಾಗಾಗಿ ಬದಲಿ ಹುಡುಕುವಾಗ ಮೂರೇ ಪ್ರಶ್ನೆ. ಭಾರ ಬಿಟ್ಟರೆ ಜಾರುತ್ತದಾ? ಕುಸಿಯುತ್ತದಾ? ಎತ್ತರ ಸರಿ ಇದೆಯಾ? ಮೂರೂ ಸರಿ ಇದ್ದರೆ ಅದು ಇಟ್ಟಿಗೆಯಾದರೂ ಸರಿ, ಅಡುಗೆಮನೆ ಡಬ್ಬವಾದರೂ ಸರಿ.

ಕಣದಮನೆ (ಮೂಡಿಗೆರೆ)

ಡಬ್ಬ? ನಿಜವಾಗಲೂ?

ಬೇಲೂರು ರಸ್ತೆ (ಹಾಸನ)

ಖಾಲಿ ಡಬ್ಬ ಬೇಡ, ಅದು ಉರುಳುತ್ತದೆ. ಅಕ್ಕಿ ತುಂಬಿದ ಚೌಕದ ಡಬ್ಬ, ಕೆಳಗೆ ಮ್ಯಾಟ್ ಇದ್ದರೆ ಪರವಾಗಿಲ್ಲ. ಆದರೆ ನಿಮ್ಮ ಮನೆಯಲ್ಲಿ ಅದಕ್ಕಿಂತ ಒಳ್ಳೆಯದು ಇದ್ದೇ ಇರುತ್ತದೆ, ಮಣೆ. ಊಟಕ್ಕೆ ಕೂರುವ ಮರದ ಮಣೆ. ಸುಖಾಸನಕ್ಕೆ ಅದರ ಮೇಲೆ ಜಮಖಾನ ಮಡಚಿ ಹಾಕಿ ಕೂತರೆ ಸೊಂಟ ಮೇಲೆ ಬರುತ್ತದೆ, ಮಂಡಿ ಕೆಳಗೆ ಇಳಿಯುತ್ತದೆ, ಬೆನ್ನು ತಾನಾಗಿ ನೇರವಾಗುತ್ತದೆ. ಉತ್ತಾನಾಸನದಲ್ಲಿ ಬಗ್ಗಿ ಕೈ ಊರಲಿಕ್ಕೂ ಆಗುತ್ತದೆ. ಮಲಾಸನದಲ್ಲಿ ಹಿಮ್ಮಡಿ ನೆಲಕ್ಕೆ ತಾಗದವರು ಹಿಮ್ಮಡಿ ಕೆಳಗೆ ಇಟ್ಟುಕೊಳ್ಳಬಹುದು.

ಮಲ್ಲಂದೂರು ಮಳೆ

ಈಳಿಗೆ ಮಣೆ ಮಾತ್ರ ತರಬೇಡಿ ಎಂದು ಸೇರಿಸಿ ಸರ್. ನಮ್ಮ ಮನೆಯಲ್ಲಿ ಮಣೆ ತಾ ಎಂದರೆ ಮೊದಲು ಬರುವುದು ಅದೇ.

ಕೌಶಿಕದ ಕಡೆಯವನು

ಒಂದು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಹಾಸನ ಪಕ್ಕದ ಕೌಶಿಕದಲ್ಲಿ 1915ರಲ್ಲಿ ಹುಟ್ಟಿದ ಪಟ್ಟಾಭಿ ಜೋಯಿಸರು ಪ್ರಪಂಚಕ್ಕೆಲ್ಲ ಅಷ್ಟಾಂಗ ಯೋಗ ಕಲಿಸಿದರು. ಇಲ್ಲೇ ಹಾಸನದ ಜುಬಿಲಿ ಹಾಲ್‌ನಲ್ಲಿ 1927ರಲ್ಲಿ ಯೋಗ ಗುರು ಕೃಷ್ಣಮಾಚಾರ್ಯರ ಪ್ರಾತ್ಯಕ್ಷಿಕೆ ನೋಡಿ ಹುಡುಗನಾಗಿದ್ದಾಗಲೇ ಅವರ ಶಿಷ್ಯರಾದರು. ಅವರ ಪದ್ಧತಿಯಲ್ಲಿ ಬ್ಲಾಕೂ ಇಲ್ಲ, ಬೋಲ್ಸ್ಟರೂ ಇಲ್ಲ. ಇವತ್ತು ಕೈ ಮೊಣಕಾಲಿಗೆ ಬಂತಾ, ಅಲ್ಲಿಗೇ ನಿಲ್ಲಿಸಿ ಉಸಿರಾಡಿ. ಆರು ತಿಂಗಳಾದ ಮೇಲೆ ಪಾದದ ಗೆಣ್ಣಿಗೆ ಬರುತ್ತದೆ. ಅವಸರ ಏನಿದೆ? ಸಾಮಾನು ಅಭ್ಯಾಸವಾದರೆ ಅದಿಲ್ಲದೆ ಮಾಡಲು ಬರುವುದಿಲ್ಲ. ನೆಂಟರ ಮನೆಗೆ ಹೋದರೆ ಬ್ಲಾಕು ಹೊತ್ತುಕೊಂಡು ಹೋಗುತ್ತೀರಾ?

ಬೇಲೂರು ರಸ್ತೆ (ಹಾಸನ)

ಬೇಸರ ಏನಿಲ್ಲ ಅಣ್ಣ, ಇದು ಹಳೇ ಜಗಳ. ಆದರೆ ಬಿ.ಕೆ.ಎಸ್. ಅಯ್ಯಂಗಾರರೂ ಅದೇ ಕೃಷ್ಣಮಾಚಾರ್ಯರ ಶಿಷ್ಯರೇ ಅಲ್ವಾ? ಕೋಲಾರ ಜಿಲ್ಲೆಯ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಕಂಡ ದೇಹ. ದೇಹ ಬಗ್ಗದವನ ಕಷ್ಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಪುಣೆಗೆ ಹೋಗಿ ಪಾಠ ಹೇಳುವಾಗ ಕಾಯಿಲೆಯವರು, ವಯಸ್ಸಾದವರು ಬರತೊಡಗಿದರು. ಅವರಿಗಾಗಿಯೇ ಕುರ್ಚಿ, ಇಟ್ಟಿಗೆ, ಹಗ್ಗ, ಕಂಬಳಿ ಎಲ್ಲಾ ಯೋಗಕ್ಕೆ ಬಂದದ್ದು. ಒಬ್ಬರೇ ಗುರು, ಇಬ್ಬರು ಶಿಷ್ಯರು, ಎರಡು ದಾರಿ.

ಇನ್ನೊಂದು ವಿಷಯ. ಜೋಯಿಸರ ಪದ್ಧತಿಯ, ಅಂದರೆ ಮೈಸೂರು ಶೈಲಿಯ ಕ್ಲಾಸಲ್ಲಿ ಗುರುಗಳು ಹಿಂದೆ ನಿಂತು ಸೊಂಟ ಹಿಡಿಯುತ್ತಾರೆ, ಭುಜ ತಿರುಗಿಸುತ್ತಾರೆ, ಭಾರ ತಡೆಯುತ್ತಾರೆ. ಅಲ್ಲಿ ಆ ಕೈಯೇ ಆಸರೆ. ಮೂಡಿಗೆರೆ ತೋಟದ ಮನೆಯಲ್ಲಿ ಮೊಬೈಲ್ ನೋಡಿಕೊಂಡು ಒಬ್ಬರೇ ಮಾಡುವವರಿಗೆ ಆ ಕೈ ಎಲ್ಲಿಂದ ಬರಬೇಕು? ನೆಟ್‌ವರ್ಕೇ ಸರಿಯಾಗಿ ಬರುವುದಿಲ್ಲ.

ಕೌಶಿಕದ ಕಡೆಯವನು

ಕೈ ವಿಷಯ ಒಪ್ಪಿದೆ. ಉಳಿದದ್ದು ಒಪ್ಪಿಲ್ಲ. ಅತ್ತೆಯವರಿಗೆ ಸಾಮಾನು ಕೊಡಿ, ಸೊಸೆ ಸುಮ್ನೆ ಮಾಡಲಿ.

ಸಿಲ್ವರ್ ಓಕ್ (ಆಲ್ದೂರು)

ನಮ್ಮದು ಮರಗೆಲಸದ ಮನೆ. ಬ್ಲಾಕಿಗೆ ದುಡ್ಡು ಕೊಡುವವರನ್ನು ನೋಡಿದರೆ ನಗು ಬರುತ್ತದೆ. ತೋಟದಲ್ಲಿ ನೆರಳಿಗೆ ಹಾಕಿದ ಸಿಲ್ವರ್ ಓಕ್ ಇದ್ದೇ ಇರುತ್ತದೆ, ಕಡಿದ ತುಂಡು ಎಲ್ಲಾದರೂ ಬಿದ್ದಿರುತ್ತದೆ. ಆದರೆ ಹಸಿ ಮರ ಬೇಡ. ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ಬಿರುಕು ಬಿಟ್ಟು ಡೊಂಕಾಗುತ್ತದೆ, ಆಮೇಲೆ ಇಟ್ಟ ಕಡೆ ಕುಟುಕುಟು ಅಲ್ಲಾಡುತ್ತದೆ. ಬಡಗಿಗೆ 9-6-4 ಅಳತೆ ಕೊಡಿ, ಆರೂ ಮುಖಕ್ಕೆ ರಂದಾ ಹೊಡೆಸಿ, ಅಂಚು ಮೂಲೆ ಎಲ್ಲಾ ದುಂಡಗೆ ಮಾಡಿಸಿ. ಕೊನೆಗೆ ಸ್ಯಾಂಡ್ ಪೇಪರ್. ವಾರ್ನಿಷ್ ಹೊಡೆಸಬೇಡಿ. ಹೊಳಪು ಚೆಂದ ಕಾಣುತ್ತದೆ, ಆದರೆ ಬೆವರು ಕೈಗೆ ಜಾರುತ್ತದೆ.

ಗಟ್ಟಿ ಮರದಲ್ಲಿ ಮಾಡಿಸಿದರೆ ಒಂದೊಂದೂ ಎರಡು ಕೆಜಿ ಹತ್ತಿರ ತೂಗುತ್ತದೆ. ಕಾಲ ಮೇಲೆ ಬಿದ್ದರೆ ಗೊತ್ತಾಗುತ್ತದೆ. ತೂಕ ಬೇಡ ಎನ್ನುವವರು ಅದೇ ಅಳತೆಗೆ ಹಲಗೆ ಹೊಡೆದು ಪೆಟ್ಟಿಗೆ ತರಹ ಮಾಡಿಸಿಕೊಳ್ಳಿ. ಮೊಳೆ ತಲೆ ಮಾತ್ರ ಒಳಗೆ ಹೂತಿರಬೇಕು.

ನಿವೃತ್ತ ಮೇಷ್ಟ್ರು (ಅರಸೀಕೆರೆ)

ನಾನು ಬಳಸುವುದು ಇಟ್ಟಿಗೆ. 9 ಇಂಚು ಉದ್ದ ಇರುತ್ತದೆ, ಎತ್ತರಕ್ಕೆ ಸಾಕು. ಅಗಲ ಕಡಿಮೆ, ಅದಕ್ಕೆ ನಿಲ್ಲಿಸಿ ಇಡುವುದಿಲ್ಲ, ಮಲಗಿಸಿ ಎರಡು ಜೋಡಿಸುತ್ತೇನೆ. ಹಳೇ ಟವೆಲ್ಲಿನಲ್ಲಿ ಸುತ್ತಿ ಹೊಲಿದುಬಿಟ್ಟಿದ್ದೇನೆ, ಪುಡಿ ಉದುರುವುದಿಲ್ಲ. ಸುತ್ತಿದ ಮೇಲೆ ಬಟ್ಟೆ ಸಡಿಲ ಇರಬಾರದು, ಸಡಿಲ ಇದ್ದರೆ ಬಟ್ಟೆ ಒಳಗೇ ಇಟ್ಟಿಗೆ ಜಾರುತ್ತದೆ.

ದಪ್ಪ ಪುಸ್ತಕಗಳನ್ನು ದಾರದಲ್ಲಿ ಕಟ್ಟಿ ಬ್ಲಾಕ್ ಮಾಡಿಕೊಳ್ಳಿ ಎಂದು ಎಲ್ಲೋ ವಿಡಿಯೋದಲ್ಲಿ ನೋಡಿದೆ. ಪುಸ್ತಕದ ಮೇಲೆ ಕಾಲಿಡುವುದು ನನ್ನಿಂದಾಗದು. ಕೈ ಇಡುವುದಕ್ಕಾದರೆ ಸರಿ, ಆದರೂ ಹಾಳೆ ಮೇಲೆ ಹಾಳೆ ಸರಿಯುತ್ತದೆ.

ಹೊಲಿಗೆ ಮೆಷಿನ್ (ಚಿಕ್ಕಮಗಳೂರು)

ಬೆಲ್ಟ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮಂಚಕ್ಕೆ ಹೆಣೆಯುವ ಹತ್ತಿ ನವಾರ ಪಟ್ಟಿ ಇದೆಯಲ್ಲ, ಒಂದೂವರೆ ಇಂಚು ಅಗಲದ್ದು, ಎಂಟು ಅಡಿ ತಗೊಳ್ಳಿ. ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಡಿ ಆಕಾರದ ರಿಂಗ್ ಸಿಗುತ್ತದೆ, ಅದೇ ಅಗಲದ್ದು ಎರಡು ಬೇಕು. ಒಂದು ರಿಂಗ್ ಸಾಲದು, ಬೆಲ್ಟ್ ಬಿಗಿ ನಿಲ್ಲುವುದು ಎರಡರ ಮಧ್ಯೆ ಸಿಕ್ಕಿಕೊಂಡಾಗ ಮಾತ್ರ. ಪಟ್ಟಿಯ ತುದಿಯನ್ನು ಎರಡೂ ರಿಂಗ್ ಒಳಗೆ ತೂರಿಸಿ ಮಡಚಿ, ಚೌಕವಾಗಿ ಹೊಲಿದು ಒಳಗೆ ಅಡ್ಡಡ್ಡ ಗುಣಾಕಾರದ ಗುರುತಿನ ಹಾಗೆ ಇನ್ನೊಂದು ಹೊಲಿಗೆ. ಸ್ಕೂಲ್ ಬ್ಯಾಗಿನ ಪಟ್ಟಿಗೆ ಇದೇ ಹೊಲಿಗೆ ಹಾಕುವುದು. ಬರೀ ಒಂದು ಗೆರೆ ಹೊಲಿದರೆ ಕಾಲು ಎಳೆಯುವಾಗ ಕಿತ್ತುಬರುತ್ತದೆ.

ರಿಂಗೂ ಬೇಡ ಎಂದರೆ ಹತ್ತಿ ಪಂಚೆ ಉದ್ದಕ್ಕೆ ಮಡಚಿದರೂ ಆಯಿತು. ಪಶ್ಚಿಮೋತ್ತಾನಾಸನಕ್ಕೆ ಪಾದಕ್ಕೆ ಹಾಕಿ ಹಿಡಿದುಕೊಳ್ಳಲು ಅದೇ ಆರಾಮ. ಶಿಫಾನ್ ದುಪಟ್ಟಾ, ರೇಷ್ಮೆ ಸೀರೆ ಎರಡೂ ಜಾರುತ್ತವೆ. ಲೆಗ್ಗಿಂಗ್ಸ್, ಎಲಾಸ್ಟಿಕ್ ಬೇಡವೇ ಬೇಡ. ಅದು ಹಿಗ್ಗುತ್ತದೆ, ನೀವು ಬಗ್ಗಿದ್ದೀರೋ ಅದು ಹಿಗ್ಗಿದೆಯೋ ಗೊತ್ತಾಗುವುದಿಲ್ಲ.

ಫಿಸಿಯೋ, ಹಾಸನ

ಅತ್ತೆಯವರ ವಿಷಯಕ್ಕೆ ಬರುತ್ತೇನೆ, ಅದು ಮುಖ್ಯ. ಬಿಪಿ ಹತೋಟಿಯಲ್ಲಿ ಇದೆಯಾ ಎಂದು ಅವರ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಸರ್ವಾಂಗಾಸನ (ಭುಜದ ಮೇಲೆ ಭಾರ ಬಿಟ್ಟು ಕಾಲು ಮೇಲೆತ್ತುವುದು), ಶೀರ್ಷಾಸನ, ಹಲಾಸನ ಅವರಿಗೆ ಬೇಡ. ಕಣ್ಣಲ್ಲಿ ಗ್ಲಾಕೋಮಾ ಇದ್ದವರಿಗೂ ತಲೆ ಕೆಳಗಾಗುವ ಆಸನ ಬೇಡ. ಅದರ ಬದಲು ನೆಲದ ಮೇಲೆ ಮಲಗಿ ಮೊಣಕಾಲಿನಿಂದ ಪಾದದವರೆಗೆ ಕುರ್ಚಿಯ ಸೀಟಿನ ಮೇಲೆ ಇಟ್ಟರೆ ಸಾಕು. ಸೊಂಟಕ್ಕೂ ಹಿತ.

ಮಂಡಿ ನೋವಿದ್ದರೆ ವಜ್ರಾಸನ, ವೀರಾಸನದಲ್ಲಿ ಬಲವಂತವಾಗಿ ಕೂರಿಸಬೇಡಿ. ವೀರಾಸನ ಮಾಡಲೇಬೇಕು ಎಂದರೆ ಹಿಮ್ಮಡಿಗಳ ಮಧ್ಯೆ ಬ್ಲಾಕೋ ಮಡಚಿದ ಜಮಖಾನವೋ ಇಟ್ಟು ಅದರ ಮೇಲೆ ಕೂರಬೇಕು. ತೊಡೆ ಹಿಂಭಾಗ, ಮೀನಖಂಡ ಎರಡರ ಸಂದಿಗೆ ಕರವಸ್ತ್ರವನ್ನೋ ಸಣ್ಣ ಟವೆಲ್ಲನ್ನೋ ಸುರುಳಿ ಸುತ್ತಿ ಇಟ್ಟರೆ ಮಂಡಿ ಮೇಲಿನ ಒತ್ತಡ ಕಡಿಮೆ. ತೊಡೆಯಲ್ಲಿ ಎಳೆತ ಬಂದರೆ ಬರಲಿ. ಮಂಡಿ ಒಳಗೆ ಚುಚ್ಚಿದ ಹಾಗೆ ಆದರೆ ತಕ್ಷಣ ಎದ್ದುಬಿಡಿ.

ಕೆಳಗೆ ಕೂತು ಏಳುವುದೇ ಕಷ್ಟ ಎಂದರೆ ಎಲ್ಲವನ್ನೂ ಕುರ್ಚಿಯಲ್ಲೇ ಮಾಡಿಸಿ. ತಿರುಗುವ ಆಸನ, ಮುಂದೆ ಬಗ್ಗುವುದು, ಪ್ರಾಣಾಯಾಮ, ಎಲ್ಲಾ ಆಗುತ್ತದೆ.

ಕಣದಮನೆ (ಮೂಡಿಗೆರೆ)

ತುಂಬಾ ಉಪಕಾರವಾಯಿತು ಮೇಡಂ. ಕುರ್ಚಿ ಎಂದರೆ ಮನೆಯಲ್ಲಿ ಇರುವುದು ಪ್ಲಾಸ್ಟಿಕ್ ಕುರ್ಚಿ. ಅದು ನಡೆಯುತ್ತದಾ?

ಫಿಸಿಯೋ, ಹಾಸನ

ಬರೀ ಕೂರುವುದಕ್ಕೆ, ಕೈ ಇಲ್ಲದ ಗಟ್ಟಿಯಾದದ್ದು ಇದ್ದರೆ, ನಡೆಯುತ್ತದೆ. ಭಾರ ಒಂದು ಪಕ್ಕಕ್ಕೆ ಬಂದರೆ ಅದರ ಕಾಲು ಅಗಲವಾಗುತ್ತದೆ, ಗಾರೆ ನೆಲದಲ್ಲಂತೂ ಸರ್ರನೆ ಸರಿಯುತ್ತದೆ. ಅಂಚಿನಲ್ಲಿ ಕೂರುವುದು, ಹಿಂದಕ್ಕೆ ಬಾಗುವುದು ಇಂಥದ್ದಕ್ಕೆಲ್ಲ ಅದು ಬೇಡ.

ಬೇಲೂರು ರಸ್ತೆ (ಹಾಸನ)

ಶಾಮಿಯಾನದವರ ಹತ್ತಿರ ಕೇಳಿ ನೋಡಿ. ಮದುವೆಗೆ ಹಾಕುವ ಕಬ್ಬಿಣದ ಮಡಚೋ ಕುರ್ಚಿ ಹಳೆಯದಾದರೆ ಮಾರಿಬಿಡುತ್ತಾರೆ. ಅದೇ ಸಾಕು. ಕೊಳ್ಳುವ ಮೊದಲು ಬಿಡಿಸಿ ಇಟ್ಟು ನಾಲ್ಕೂ ಮೂಲೆ ಒತ್ತಿ ನೋಡಿ, ರಿವಿಟ್ ಸಡಿಲ ಇದ್ದರೆ ಬೇಡ. ಬೆನ್ನಿನ ತಗಡನ್ನು ವೆಲ್ಡಿಂಗ್ ಅಂಗಡಿಯಲ್ಲಿ ತೆಗೆಸಬಹುದು, ಕತ್ತರಿಸಿದ ಜಾಗ ಚೆನ್ನಾಗಿ ಉಜ್ಜಿಸಿಕೊಳ್ಳಿ. ಆದರೆ ಅತ್ತೆಯವರಿಗೆ ಬೆನ್ನಿನ ತಗಡು ಇರಲಿ, ತಿರುಗುವಾಗ ಹಿಡಿದುಕೊಳ್ಳಲು ಬೇಕು. ಮ್ಯಾಟ್ ಮೇಲೆ, ಗೋಡೆಗೆ ತಾಗಿಸಿ ಇಡಿ.

ಈಗ ಕಂಬಳಿ. ಇಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ, ಏಕೆಂದರೆ ಬೇರೆಲ್ಲಾ ತಪ್ಪಿದರೂ ನಡೆಯುತ್ತದೆ, ಸರ್ವಾಂಗಾಸನದಲ್ಲಿ ಕಂಬಳಿ ತಪ್ಪಿದರೆ ಕುತ್ತಿಗೆಗೆ ಪೆಟ್ಟು. ಬರೀ ನೆಲದ ಮೇಲೆ ಸರ್ವಾಂಗಾಸನ ಮಾಡಿದರೆ ಗದ್ದ ಎದೆಗೆ ಒತ್ತಿ ಕುತ್ತಿಗೆ ಪೂರ್ತಿ ಮಡಚುತ್ತದೆ, ಭಾರ ಅಲ್ಲಿಗೇ ಬೀಳುತ್ತದೆ. ಭುಜದ ಕೆಳಗೆ ಎತ್ತರ ಕೊಟ್ಟು ತಲೆಯನ್ನು ಕೆಳಗೆ ನೆಲದ ಮೇಲೆ ಬಿಟ್ಟರೆ ಕುತ್ತಿಗೆಗೆ ಜಾಗ ಸಿಗುತ್ತದೆ. ಅದಕ್ಕೇ ಪಟ್ಟಿಯಲ್ಲಿ ನಾಲ್ಕು ಕಂಬಳಿ ಇರುವುದು, ಚಳಿಗಲ್ಲ.

ಮಡಚುವಾಗ ಎಲ್ಲವೂ ಒಂದೇ ಅಳತೆ ಇರಬೇಕು. ಮಡಿಕೆಯ ದುಂಡು ಅಂಚು ಕುತ್ತಿಗೆ ಕಡೆಗೆ ಬರಲಿ, ಬಿಡಿ ಅಂಚು ಕಡೆಗಲ್ಲ. ಒಂದರ ಮೇಲೊಂದು ಇಟ್ಟಾಗ ಅಂಚು ಗೋಡೆಯಂತೆ ನೇರ ನಿಲ್ಲಬೇಕು. ಭುಜದ ತುದಿ ಅಂಚಿನಿಂದ ಒಂದೆರಡು ಇಂಚು ಒಳಗೆ ಇರಲಿ, ತಲೆ ಹೊರಗೆ ನೆಲದ ಮೇಲೆ. ಮೇಲೆ ಹೋದ ಮೇಲೆ ಯಾರಾದರೂ ಕರೆದರೆ ತಲೆ ತಿರುಗಿಸಬೇಡಿ. ಹಾಲಿನವನು ಬಂದರೂ ಅಷ್ಟೇ, ಕೆಳಗಿಳಿದೇ ಮಾತಾಡಿ. ಕುತ್ತಿಗೆ ನೋವು ಮೊದಲೇ ಇದ್ದವರು, ಇದುವರೆಗೆ ಯಾರ ಎದುರೂ ಮಾಡಿ ಕಲಿಯದವರು ಇದಕ್ಕೆ ಕೈ ಹಾಕಬೇಡಿ.

ಬಟ್ಟೆ ಯಾವುದು? ಜಮಖಾನ ಒಳ್ಳೆಯದು. ಸೋಲಾಪುರ ಚಾದರ ಒಳ್ಳೆಯದು. ಮೆತ್ತನೆ ರಗ್ಗು, ಪಾಲಿಯೆಸ್ಟರ್ ಹೊದಿಕೆ ಬೇಡ, ಭುಜ ಇಟ್ಟ ಕಡೆ ಹೂತುಹೋಗುತ್ತದೆ.

ಮಲ್ಲಂದೂರು ಮಳೆ

ಕರಿ ಕಂಬಳಿ ಆಗುತ್ತದಾ? ಅಜ್ಜನ ಕಾಲದ ಕಂಬಳಿಕೊಪ್ಪೆ ಅಟ್ಟದಲ್ಲಿ ಇದೆ.

ಬೇಲೂರು ರಸ್ತೆ (ಹಾಸನ)

ಗಟ್ಟಿ ಇರುತ್ತದೆ, ಆಗುತ್ತದೆ. ಚುಚ್ಚುತ್ತದೆ, ಅದಕ್ಕೆ ಮೇಲೆ ಹತ್ತಿ ಬೆಡ್‌ಶೀಟ್ ಹಾಕಿ. ಮೊದಲು ಒದರಿ ಬಿಸಿಲಿಗೆ ಹಾಕಿ, ಅಟ್ಟದಿಂದ ಬಂದದ್ದು.

ಸಿಲ್ವರ್ ಓಕ್ (ಆಲ್ದೂರು)

ಅಟ್ಟ ಎಂದಾಗ ನೆನಪಾಯಿತು. ಹಳೇ ಮನೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ತೊಲೆಯಲ್ಲಿ ಇರುತ್ತದೆ, ಅದಕ್ಕೆ ಹಗ್ಗ ಕಟ್ಟಿ ನೇತಾಡುವವರು ಇದ್ದಾರೆ. ದಯವಿಟ್ಟು ಬೇಡ. ನಮ್ಮ ಮಳೆ ಸೀಮೆಯಲ್ಲಿ ತೊಲೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಗೆದ್ದಲು ತಿಂದಿರುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಆ ಕೊಂಡಿ ಹಾಕಿದ್ದು ಮಗುವಿನ ತೂಕಕ್ಕೆ, ನಮ್ಮ ತೂಕಕ್ಕಲ್ಲ. ಬಾಗಿಲಿಗೆ ಹಗ್ಗ ಸಿಕ್ಕಿಸುವುದೂ ಇದೆಯಂತೆ. ಮಧ್ಯೆ ಯಾರಾದರೂ ಬಾಗಿಲು ತೆಗೆದರೆ ಕಥೆ ಮುಗಿಯಿತು.

ಕಣದಮನೆ (ಮೂಡಿಗೆರೆ)

ನೇತಾಡುವ ಯೋಚನೆ ಇಲ್ಲ ಅಣ್ಣ. ಬೋಲ್ಸ್ಟರ್ ಒಂದು ಉಳಿಯಿತು. ಮಳೆಗಾಲದಲ್ಲಿ ಮ್ಯಾಟ್ ಏನು ಮಾಡುವುದು, ಅದನ್ನೂ ಹೇಳಿ. ಜುಲೈನಲ್ಲಿ ನಮ್ಮ ನೆಲ ಬೆವರುತ್ತದೆ, ಮ್ಯಾಟ್ ಕೆಳಗೆಲ್ಲ ನೀರು, ಅಧೋಮುಖ ಶ್ವಾನಾಸನ (ಕೈ ಕಾಲು ಊರಿ ಸೊಂಟ ಮೇಲೆತ್ತುವುದು) ಮಾಡಿದರೆ ಮ್ಯಾಟ್ ಸಮೇತ ಮುಂದೆ ಹೋಗುತ್ತೇನೆ.

ನಿವೃತ್ತ ಮೇಷ್ಟ್ರು (ಅರಸೀಕೆರೆ)

ಬೋಲ್ಸ್ಟರ್ ಎಂದರೆ ನಮ್ಮ ಲೋಡು ತಾನೇ. ಜಗುಲಿಯಲ್ಲಿ ಒರಗಿ ಕೂರುತ್ತಿದ್ದ ಉದ್ದ ದಿಂಬು. ಹಾಸಿಗೆ ಅಂಗಡಿಯಲ್ಲಿ ಹೇಳಿ ಮಾಡಿಸಿ, ಹತ್ತಿ ತುಂಬಿಸಿ. ಸುಮಾರು ಎರಡು ಅಡಿ ಉದ್ದ ಇದ್ದರೆ ಬೆನ್ನಿಗೆ ಸಾಕು. ಬೂರುಗದ ಹತ್ತಿ ಬೇಡ, ಅದು ಬಹಳ ಮೆತ್ತಗೆ, ಮಲಗಿದರೆ ಚಪ್ಪಟೆಯಾಗುತ್ತದೆ. ಅಂಗಡಿಯವನಿಗೆ ಗಟ್ಟಿಯಾಗಿ ತುಂಬು ಎಂದು ಎರಡು ಸಲ ಹೇಳಬೇಕು, ಇಲ್ಲದಿದ್ದರೆ ತಲೆದಿಂಬಿನ ಹಾಗೆ ತುಂಬಿಕೊಡುತ್ತಾನೆ.

ಮಾಡಿಸುವವರೆಗೆ ಹೀಗೆ ಮಾಡಿ. ಚಾಪೆ ಬಿಗಿಯಾಗಿ ಸುತ್ತಿ ಒಳಗೆ ಇಡಿ, ಅದರ ಮೇಲೆ ಜಮಖಾನ, ಅದರ ಮೇಲೆ ರಗ್ಗು ಸುತ್ತಿ ಮೂರು ಕಡೆ ಕಟ್ಟಿ. ಗಂಟು ಕೆಳಗೆ ಬರಲಿ. ಸುಪ್ತ ಬದ್ಧಕೋಣಾಸನಕ್ಕೆ ಬೆನ್ನ ಕೆಳಗೆ, ಶವಾಸನಕ್ಕೆ ಮಂಡಿ ಕೆಳಗೆ, ಎರಡಕ್ಕೂ ಆಗುತ್ತದೆ.

ಮಲ್ಲಂದೂರು ಮಳೆ

ಗೋಣಿಚೀಲಕ್ಕೆ ಕಾಫಿ ಹೊಟ್ಟು ತುಂಬಿದರೆ? ತೋಟದಲ್ಲಿ ರಾಶಿ ಬಿದ್ದಿದೆ, ಗಟ್ಟಿಯಾಗಿಯೂ ಇರುತ್ತದೆ.

ನಿವೃತ್ತ ಮೇಷ್ಟ್ರು (ಅರಸೀಕೆರೆ)

ಮಳೆಗಾಲದಲ್ಲಿ ತೇವ ಹಿಡಿದು ಮುಗ್ಗಲು ವಾಸನೆ, ಮೇಲೆ ಹುಳ. ಪ್ರಾಣಾಯಾಮ ಮಾಡುವ ಜಾಗದಲ್ಲಿ ಅದೆಲ್ಲ ಯಾಕೆ?

ಹೊಲಿಗೆ ಮೆಷಿನ್ (ಚಿಕ್ಕಮಗಳೂರು)

ನೆಲದ ವಿಷಯ. ಮ್ಯಾಟ್ ಕೆಳಗೆ ಜಮಖಾನ ಹಾಕಬೇಡಿ, ಇನ್ನೂ ಜಾರುತ್ತದೆ. ಮೊದಲು ಒಣ ಬಟ್ಟೆಯಲ್ಲಿ ನೆಲವನ್ನೂ ಮ್ಯಾಟಿನ ಅಡಿಯನ್ನೂ ಒರೆಸಿ. ಮ್ಯಾಟಿನ ಮುಂದಿನ ಅಂಚು ಗೋಡೆಗೆ ತಾಗಿರಲಿ, ಅಂಗೈ ಗೋಡೆಯ ಬುಡಕ್ಕೆ ಒತ್ತಿ ಮಾಡಿದರೆ ಮುಂದೆ ಹೋಗಲು ಜಾಗವೇ ಇರುವುದಿಲ್ಲ. ಸುಣ್ಣದ ಗೋಡೆಯಾದರೆ ಕೈ ಬೆಳ್ಳಗಾಗುತ್ತದೆ, ಅದಕ್ಕೆ ಏನೂ ಮಾಡುವ ಹಾಗಿಲ್ಲ.

ಮುಗಿದ ಮೇಲೆ ಸುತ್ತಿ ಮೂಲೆಯಲ್ಲಿ ನಿಲ್ಲಿಸಬೇಡಿ, ಬೂಷ್ಟು ಬರುತ್ತದೆ. ಹಗ್ಗದ ಮೇಲೆ ಬಿಡಿಸಿ ಹಾಕಿ. ಒಲೆ ಮೇಲಿನ ಅಟ್ಟಕ್ಕೂ ಹಾಕಬೇಡಿ, ಶಾಖಕ್ಕೆ ಹಾಳಾಗುತ್ತದೆ. ರಬ್ಬರ್ ಮ್ಯಾಟ್ ಆದರೆ ಬಿಸಿಲಿಗೂ ಬೇಡ, ಒಡೆಯುತ್ತದೆ.

ಕೌಶಿಕದ ಕಡೆಯವನು

ನಿಂತು ಮಾಡುವ ಆಸನಗಳಿಗೆ ಒಣಗಿದ ಗಾರೆ ನೆಲವೇ ಸಾಕು, ಬರಿಗಾಲಿಗೆ ಅದರಷ್ಟು ಹಿಡಿತ ಕೊಡುವುದು ಯಾವುದೂ ಇಲ್ಲ. ಇಷ್ಟೆಲ್ಲ ಓದಿದ ಮೇಲೂ ನಾನು ಹೇಳುವುದು ಅದೇ. ಒಂದು ಆಸನವನ್ನು ಬ್ಲಾಕ್ ಇಟ್ಟು ಮಾಡಿದರೆ ನಡುನಡುವೆ ಇಡದೆಯೂ ಮಾಡಿ ನೋಡಿ. ಎಷ್ಟು ಬೇಕು ಎಂದು ಆಗ ಗೊತ್ತಾಗುತ್ತದೆ.

ಬೇಲೂರು ರಸ್ತೆ (ಹಾಸನ)

ಇದು ಒಪ್ಪುವ ಮಾತು. 9 ಇಂಚಲ್ಲಿ ಶುರು ಮಾಡಿ, ಸಲೀಸಾದ ಮೇಲೆ 6ಕ್ಕೆ ಮಲಗಿಸಿ, ಆಮೇಲೆ 4ಕ್ಕೆ. ಮಂಡಿ ಬಗ್ಗಿತು ಎಂದರೆ ಮತ್ತೆ ಮೇಲಿನ ಎತ್ತರಕ್ಕೆ ಹೋಗಿ.

ಕಣದಮನೆ (ಮೂಡಿಗೆರೆ)

ಹಾಗಾದರೆ ಹೀಗೆ ಮಾಡುತ್ತೇನೆ. ಮಣೆ ಎರಡಿದೆ, ಜಮಖಾನ ಇದೆ. ಬ್ಲಾಕಿಗೆ ಆಲ್ದೂರಿನ ಅಣ್ಣ ಹೇಳಿದ ಅಳತೆ ಕೊಟ್ಟು ನಮ್ಮ ಬಡಗಿ ಹತ್ತಿರ ಮಾಡಿಸುತ್ತೇನೆ. ಕುರ್ಚಿ ಮಾತ್ರ ಕೊಳ್ಳುವುದು. ಲೋಡನ್ನು ಪೇಟೆಯಲ್ಲಿ ಹೊಲಿಸಿದರೆ ಗವಸಿಗೆ ಯಾವ ಬಟ್ಟೆ ಹೇಳಲಿ? ಅತ್ತೆ ಒರಗುವುದಕ್ಕೂ ಅದೇ ಬೇಕು ಎನ್ನುತ್ತಿದ್ದಾರೆ, ಆಗಾಗ ಒಗೆಯಬೇಕಾಗುತ್ತದೆ.

ಹೊಲಿಗೆ ಮೆಷಿನ್ (ಚಿಕ್ಕಮಗಳೂರು)

ದಪ್ಪ ಕೇಸ್‌ಮೆಂಟ್ ಬಟ್ಟೆ ತಗೊಳ್ಳಿ, ಗಾಢ ಬಣ್ಣದ್ದು. ಹೊಲಿಯುವ ಮೊದಲು ಒಂದು ಸಲ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗಿ ಒಳಗಿನ ದಿಂಬು ಹೋಗುವುದಿಲ್ಲ. ಎರಡು ಗವಸು ಹೊಲಿಸಿ, ಮಳೆಗಾಲದಲ್ಲಿ ಒಂದು ಒಣಗುವಷ್ಟರಲ್ಲಿ ವಾರವಾಗುತ್ತದೆ. ಚೈನ್ ಉದ್ದಕ್ಕೆ ಹಾಕಿಸಬೇಡಿ, ಬೆನ್ನಿಗೆ ಒತ್ತುತ್ತದೆ. ತುದಿಯ ದುಂಡು ಭಾಗದಲ್ಲಿ ಹಾಕಲು ಹೇಳಿ. ಟೈಲರ್ ಕಷ್ಟ ಎನ್ನುತ್ತಾನೆ, ಕೇಳಬೇಡಿ.